ಇಸಿಜಿಯ ಗೆರೆಯಲ್ಲಿ ಹೃದಯದ ಕಲೆ: ಚಿನ್ನದ ಗಣಿಯ ಊರಿನಿಂದ ಒಂದು ನೋಟ

ತಾಲ್ಲೂಕು ಆಸ್ಪತ್ರೆಗೆ ಎದೆನೋವೆಂದು ಬಂದವರ ಇಸಿಜಿಯನ್ನು ಸಾಮಾನ್ಯವಾಗಿ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡುತ್ತಾರೆ: ಈಗ ಹಾರ್ಟ್ ಅಟ್ಯಾಕ್ ಆಗುತ್ತಿದೆಯೇ? ಇಲ್ಲವೆಂದಾದರೆ ರೋಗಿಗೂ ನೆಮ್ಮದಿ, ಡಾಕ್ಟರಿಗೂ ನೆಮ್ಮದಿ. ಕಾಗದ ನಾಲ್ಕು ಮಡಿಕೆಯಾಗಿ ಜೇಬು ಸೇರುತ್ತದೆ. ಅದೇ ಕಾಗದದಲ್ಲಿ ಇನ್ನೊಂದು ಪ್ರಶ್ನೆಗೂ ಅಷ್ಟಿಷ್ಟು ಉತ್ತರ ಇರುತ್ತದೆ. ಈ ಹೃದಯದ ಸ್ನಾಯುವಿನಲ್ಲಿ ಎಂದೋ ಆದ ಗಾಯ ಮಾಯ್ದು ಉಳಿದ ಕಲೆ ಇದೆಯೇ? ಇದ್ದರೆ ಎಲ್ಲಿದೆ, ಎಷ್ಟಿದೆ? ಈ ಎರಡನೆಯ ಪ್ರಶ್ನೆಯ ಬಗ್ಗೆ ವೈದ್ಯವಿಜ್ಞಾನ ಇದುವರೆಗೆ ಏನು ಕಂಡುಕೊಂಡಿದೆ, ಅದು ಕೆಜಿಎಫ್, ಬಂಗಾರಪೇಟೆಯಂಥ ಊರುಗಳಿಗೆ ಎಷ್ಟು ಒದಗುತ್ತದೆ ಎಂದು ನೋಡೋಣ.

ಈ ಊರುಗಳನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕೆಜಿಎಫ್‌ನ ಚಿನ್ನದ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ್ದು 2001ರ ಫೆಬ್ರವರಿ 28ರಂದು. ಆಗ ಶಾಫ್ಟ್ ಇಳಿಯುತ್ತಿದ್ದ ಹುಡುಗರು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ, ಅವರ ಹಿರಿಯರು ಎಪ್ಪತ್ತು ದಾಟಿದ್ದಾರೆ. ಅಂದರೆ ಹೃದಯದ ಕಾಯಿಲೆ ಬರುವ ವಯಸ್ಸಿಗೆ ಒಂದು ಇಡೀ ಕಾರ್ಮಿಕ ಸಮುದಾಯ ಬಂದು ನಿಂತಿದೆ. ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕಂಪನಿಗೇ ಸೇರಿದ್ದ ದೊಡ್ಡ ಆಸ್ಪತ್ರೆ ಗಣಿಯ ಜೊತೆಗೇ ಸೊರಗಿತು. ಈಗ ಹತ್ತಿರದಲ್ಲಿರುವುದು ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳು ಮತ್ತು ಖಾಸಗಿ ನರ್ಸಿಂಗ್ ಹೋಮುಗಳು. ಮುಂದೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಜಾಲಪ್ಪ ಆಸ್ಪತ್ರೆ. ಅದಕ್ಕೂ ಮುಂದೆ ಹೋಗಬೇಕಾದರೆ ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆ ಜಂಕ್ಷನ್ ಮೇಲೆ ಬೆಂಗಳೂರಿಗೆ ಹೋಗುವ, ನಿತ್ಯದ ನೌಕರರಿಂದ ತುಂಬಿ ತುಳುಕುವ ರೈಲು.

ಹೃದಯದ ಕಲೆಯನ್ನು ನಿಖರವಾಗಿ ತೋರಿಸುವ ಪರೀಕ್ಷೆ ಹೃದಯದ ಎಂಆರ್‌ಐ. ಗ್ಯಾಡೋಲಿನಿಯಂ ಎಂಬ ಔಷಧವನ್ನು ರಕ್ತನಾಳಕ್ಕೆ ಕೊಟ್ಟು ಹತ್ತು ಹದಿನೈದು ನಿಮಿಷ ಕಾದರೆ ಒಳ್ಳೆಯ ಸ್ನಾಯುವಿನಿಂದ ಅದು ತೊಳೆದು ಹೋಗಿರುತ್ತದೆ. ಕಲೆಯಿರುವ ಕಡೆ ಮಾತ್ರ ತಂಗಿ ಬೆಳ್ಳಗೆ ಹೊಳೆಯುತ್ತದೆ. ಪರೀಕ್ಷೆ ದುಬಾರಿ, ಮುಕ್ಕಾಲು ಗಂಟೆ ಅಲುಗಾಡದೆ ಮಲಗಬೇಕು, ಆಗಾಗ ಉಸಿರು ಬಿಗಿಹಿಡಿಯಬೇಕು. ಗಣಿಯ ದೂಳು ಕುಡಿದ ಶ್ವಾಸಕೋಶಕ್ಕೆ ಉಸಿರು ಬಿಗಿಹಿಡಿಯುವುದೇ ಒಂದು ಶಿಕ್ಷೆ. ಇಸಿಜಿಗೆ ಇದಾವುದೂ ಬೇಡ. ಐದು ನಿಮಿಷದ ಕೆಲಸ, ಕಡಿಮೆ ಖರ್ಚು, ಎಲ್ಲಿ ಬೇಕಾದರೂ ಸಿಗುತ್ತದೆ. ಹಾಗಾದರೆ ಇಸಿಜಿಯಿಂದಲೇ ಕಲೆಯನ್ನು ಕಂಡುಹಿಡಿಯಬಹುದೇ?

ಮೊದಲು ಕಾಯಿಲೆಯ ಮಾತು. ಕಾರ್ಡಿಯೋಮಯೋಪತಿ ಎಂದರೆ ಹೃದಯದ ಸ್ನಾಯುವಿಗೇ ಅಂಟಿದ ರೋಗಗಳ ಒಂದು ಗುಂಪು. ಹೃದಯ ಹಿಗ್ಗಿ ಸಡಿಲಗೊಳ್ಳುವುದು ಒಂದು ಬಗೆ. ಗೋಡೆ ವಿನಾಕಾರಣ ದಪ್ಪಗಾಗುವುದು ಇನ್ನೊಂದು. ಬಲಗಡೆಯ ಸ್ನಾಯು ಕರಗಿ ಅಲ್ಲಿ ಕೊಬ್ಬು, ನಾರು ತುಂಬಿಕೊಳ್ಳುವುದು ಮತ್ತೊಂದು (ಅರಿದ್ಮೋಜೆನಿಕ್ ಎನ್ನುವ ಈ ಬಗೆ ಎಡಗಡೆಯಲ್ಲೂ ಬರಬಹುದು). ಹಾರ್ಟ್ ಅಟ್ಯಾಕಿನಲ್ಲಿ ಸತ್ತ ಸ್ನಾಯುವಿನಿಂದಾಗಿ ಹೃದಯ ದುರ್ಬಲವಾದರೆ ಅದನ್ನೂ ವೈದ್ಯರು ಬಳಕೆಯಲ್ಲಿ ಇದೇ ಹೆಸರಿನಿಂದ ಕರೆಯುತ್ತಾರೆ. ಇವೆಲ್ಲದರ ನಡುವೆ ಸಮಾನವಾದದ್ದು ಕಲೆ. ಸತ್ತ ಸ್ನಾಯುಕಣದ ಜಾಗದಲ್ಲಿ ಕೊಲ್ಯಾಜನ್ ನಾರು ಬಂದು ಕೂರುತ್ತದೆ. ನಾರು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ, ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಈ ಮೂರನೆಯ ಗುಣವೇ ಅಪಾಯದ್ದು. ಹೃದಯದ ವಿದ್ಯುತ್ ಅಲೆ ಕಲೆಯನ್ನು ಬಳಸಿಕೊಂಡು, ನಾರುಗಳ ನಡುವೆ ಉಳಿದ ಸ್ನಾಯುವಿನ ಎಳೆಗಳಲ್ಲಿ ನುಸುಳಿಕೊಂಡು ನಿಧಾನವಾಗಿ ಸಾಗಬೇಕಾಗುತ್ತದೆ. ಒಮ್ಮೊಮ್ಮೆ ಅಲೆ ಅಲ್ಲೇ ಸುತ್ತು ಹೊಡೆಯತೊಡಗುತ್ತದೆ. ಆಗ ಹೃದಯ ನಿಮಿಷಕ್ಕೆ ಇನ್ನೂರು ಸಲ ಬಡಿಯುತ್ತದೆ, ಮನುಷ್ಯ ಕುಸಿದು ಬೀಳುತ್ತಾನೆ.

ಕಲೆಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಹಿಗ್ಗಿದ ಹೃದಯದ 472 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಲಂಡನ್ನಿನ ಅಧ್ಯಯನವೊಂದು 2013ರಲ್ಲಿ ತೋರಿಸಿತು. ಅವರಲ್ಲಿ 142 ಮಂದಿಗೆ ಹೃದಯದ ಗೋಡೆಯ ನಡುಪದರದಲ್ಲಿ ಕಲೆ ಇತ್ತು. ದಿಢೀರ್ ಸಾವು, ಅಥವಾ ಸಾವಿನ ಅಂಚಿಗೆ ಹೋಗಿ ಬದುಕಿ ಬಂದ ಪ್ರಸಂಗ, ಕಲೆಯಿದ್ದವರಲ್ಲಿ ನೂರಕ್ಕೆ ಸುಮಾರು 30. ಇಲ್ಲದವರಲ್ಲಿ 7. ಹೃದಯ ಎಷ್ಟು ಬಲವಾಗಿ ಪಂಪ್ ಮಾಡುತ್ತದೆ ಎಂಬ ಎಕೋ (ಹೃದಯದ ಅಲ್ಟ್ರಾಸೌಂಡ್) ಅಂಕಿ ಮಾತ್ರ ನೋಡಿದರೆ ಈ ವ್ಯತ್ಯಾಸ ಪೂರ್ತಿ ಹಿಡಿತಕ್ಕೆ ಸಿಗುವುದಿಲ್ಲ.

ಇನ್ನು ಗೆರೆಯ ಮಾತು. ಕೆಜಿಎಫ್‌ನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಾಗ ಬಂಡೆ ತಾನಾಗಿ ಸಿಡಿಯುವ ರಾಕ್ ಬರ್ಸ್ಟ್ ದಿನನಿತ್ಯದ ಭಯವಾಗಿತ್ತು. ಸಿಡಿದ ಜಾಗಕ್ಕೆ ಹೋಗಿ ನೋಡುವಂತಿಲ್ಲ. ಅದಕ್ಕೆ ಸುತ್ತಮುತ್ತ ಹಲವು ಕಡೆ ಜಿಯೋಫೋನ್ ಹೂತು, ಕಂಪನ ಯಾವುದಕ್ಕೆ ಎಷ್ಟು ಹೊತ್ತಿಗೆ ತಲುಪಿತು ಎಂಬುದರಿಂದ ಬಿರುಕು ಎಲ್ಲಿ ಎಂದು ಲೆಕ್ಕ ಹಾಕುತ್ತಿದ್ದರು. ಇಸಿಜಿಯ 12 ಲೀಡುಗಳು ಮಾಡುವುದೂ ಅದನ್ನೇ. ಎದೆ ಬಿಚ್ಚದೆ, ಹನ್ನೆರಡು ದಿಕ್ಕಿನಿಂದ ಒಂದೇ ಅಲೆಯನ್ನು ಕೇಳುವುದು.

ಕಾಗದವನ್ನು ಹತ್ತಿರದಿಂದ ನೋಡೋಣ. ಅದು ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಓಡುತ್ತದೆ, ಹಾಗಾಗಿ ಒಂದು ಚಿಕ್ಕ ಚೌಕ ಎಂದರೆ 0.04 ಸೆಕೆಂಡು. ಹೃದಯದ ಕೆಳಕೋಣೆಗಳು ಕುಗ್ಗಲು ಅಪ್ಪಣೆ ಕೊಡುವ ಕ್ಯೂಆರ್‌ಎಸ್ ಎಂಬ ಚೂಪು ಗೆರೆ ಅಂಥ ಮೂರು ಚೌಕದೊಳಗೆ ಮುಗಿಯಬೇಕು. ಕಲೆ ಇದ್ದರೆ ಅಲ್ಲಿ ಏನೇನಾಗಬಹುದು? ಮೊದಲನೆಯದು ಹಳೆಯ ಪರಿಚಯದ ಕ್ಯೂ ಅಲೆ. ಗೆರೆ ಮೇಲಕ್ಕೇರುವ ಮುನ್ನ ಅಗಲವಾಗಿ ಕೆಳಗೆ ಇಳಿಯುತ್ತದೆ, ಏಕೆಂದರೆ ಆ ದಿಕ್ಕಿನ ಸ್ನಾಯು ಸತ್ತು ಎದುರು ದಿಕ್ಕಿನ ಬಲವೇ ಮೇಲುಗೈಯಾಗಿರುತ್ತದೆ. ಎರಡನೆಯದು ಕ್ಯೂಆರ್‌ಎಸ್ ಚೂರಾಗುವುದು. ಚೂಪು ತುದಿಯಲ್ಲೋ ಇಳಿಜಾರಿನಲ್ಲೋ ಒಂದು ಸಣ್ಣ ಕೊರೆ, ಒಂದು ಹೆಚ್ಚಿನ ಮುಳ್ಳು. ಅಲೆ ಕಲೆಯನ್ನು ಬಳಸಿ ಅಂಕುಡೊಂಕಾಗಿ ಹೋದದ್ದರ ಗುರುತು ಅದು. ಒಂದೇ ಲೀಡಿನಲ್ಲಿ ಕಂಡರೆ ಲೆಕ್ಕಕ್ಕಿಲ್ಲ, ಹೃದಯದ ಒಂದೇ ಭಾಗವನ್ನು ನೋಡುವ ಕನಿಷ್ಠ ಎರಡು ಲೀಡುಗಳಲ್ಲಿ ಕಾಣಬೇಕು. ಮೂರನೆಯದು ಗೆರೆಗಳು ಕುಳ್ಳಗಾಗುವುದು. ಕೈಕಾಲಿನ ಲೀಡುಗಳಲ್ಲಿ ಕ್ಯೂಆರ್‌ಎಸ್ ಐದು ಚಿಕ್ಕ ಚೌಕದ ಎತ್ತರವನ್ನೂ ಮುಟ್ಟದಿರುವುದನ್ನು ಎಡಗಡೆಯ ಅರಿದ್ಮೋಜೆನಿಕ್ ಕಾರ್ಡಿಯೋಮಯೋಪತಿಯ ಲಕ್ಷಣಗಳ ಸಾಲಿಗೆ 2020ರ ಪಾದುವಾ ಮಾನದಂಡ ಸೇರಿಸಿತು. ಬಲಗಡೆಯ ರೋಗದಲ್ಲಿ ಎದೆಯ ಮೇಲಿನ ಲೀಡುಗಳಾದ ವಿ1ರಿಂದ ವಿ3ರವರೆಗೆ, ಕ್ಯೂಆರ್‌ಎಸ್ ನಂತರ ಬರುವ ಟಿ ಅಲೆ ತಲೆಕೆಳಗಾಗುತ್ತದೆ. ಫ್ರಾನ್ಸಿನ ಗೀ ಫೊಂಟೇನ್ 1970ರ ದಶಕದಲ್ಲಿ ಗುರುತಿಸಿದ ಎಪ್ಸಿಲಾನ್ ಅಲೆ, ಕ್ಯೂಆರ್‌ಎಸ್ ಮುಗಿದ ಮೇಲೂ ಉಳಿಯುವ ಒಂದು ಸಣ್ಣ ನಡುಕ, ಕೆಲವರಲ್ಲಿ ಕಾಣುತ್ತದೆ.

ಗೋಡೆ ದಪ್ಪಗಾಗುವ ಬಗೆಯಲ್ಲಿ ಇಸಿಜಿ ಬಹುಪಾಲು ಜನರಲ್ಲಿ ಕೆಟ್ಟೇ ಇರುತ್ತದೆ. ಆದರೆ ಕೆಟ್ಟದ್ದು ಕಲೆಯಿಂದಲೋ ದಪ್ಪದಿಂದಲೋ ಎಂದು ಬೇರ್ಪಡಿಸುವುದು ಕಷ್ಟ. ಅಲ್ಲಿ ಕ್ಯೂ ಅಲೆ ಕಂಡಿತೆಂದು ಕಲೆ ಇದೆ ಎಂದು ಸಾರಿದರೆ ತಪ್ಪುವುದೇ ಹೆಚ್ಚು.

ಈ ಗುರುತುಗಳನ್ನು ಎಷ್ಟು ನಂಬಬಹುದು ಎಂಬುದೇ ಇಡೀ ವಿಷಯದ ತಿರುಳು. ಅಮೆರಿಕದ ಇಂಡಿಯಾನಾಪೊಲಿಸ್‌ನ ಮಿಥಿಲೇಶ್ ದಾಸ್ ಮತ್ತು ಸಂಗಡಿಗರು 2006ರಲ್ಲಿ ಒಂದು ಲೆಕ್ಕ ಕೊಟ್ಟರು. ಹೃದಯದ ನ್ಯೂಕ್ಲಿಯರ್ ಸ್ಕ್ಯಾನಿನಲ್ಲಿ ಕಲೆ ಕಂಡವರ ಪೈಕಿ ಕ್ಯೂ ಅಲೆ ಇದ್ದದ್ದು ನೂರಕ್ಕೆ ಸುಮಾರು 36 ಮಂದಿಗೆ ಮಾತ್ರ. ಚೂರಾದ ಕ್ಯೂಆರ್‌ಎಸ್ ಇದ್ದದ್ದು ಸುಮಾರು 86 ಮಂದಿಗೆ. ಆದರೆ ಕಲೆ ಇಲ್ಲದವರನ್ನು ಸರಿಯಾಗಿ ‘ಇಲ್ಲ’ ಎನ್ನುವುದರಲ್ಲಿ ಕ್ಯೂ ಅಲೆ 99, ಚೂರು ಗೆರೆ 89. ಈ ಅಂಕಿಗಳು ಬಂದಾಗ ಜಗತ್ತಿನಾದ್ಯಂತ ಉತ್ಸಾಹ ಉಕ್ಕಿತು. ಆಮೇಲೆ ಉಳಿದವರು ಅಳೆದು ನೋಡಿದಾಗ ಅಷ್ಟು ಸಿಗಲಿಲ್ಲ. 2010ರಲ್ಲಿ ಬಂದ ಮಿಶಿಗನ್ನಿನ ಅಧ್ಯಯನವಂತೂ ಕಲೆ ಹಿಡಿಯುವುದರಲ್ಲಿ ಚೂರು ಗೆರೆ ತೀರಾ ಹಿಂದೆ ಎಂದಿತು.

ಒಳ್ಳೆಯ ಅಂಕಿಗಳನ್ನೇ ಒಪ್ಪಿಕೊಂಡು ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಬಂಗಾರಪೇಟೆಯ ಶಿಬಿರವೊಂದಕ್ಕೆ ಸಾವಿರ ಜನ ಬಂದರು, ಅವರಲ್ಲಿ 20 ಮಂದಿಗೆ ನಿಜವಾಗಿ ಕಲೆಯಿದೆ ಎಂದಿಟ್ಟುಕೊಳ್ಳಿ. ಚೂರು ಗೆರೆಯನ್ನು ನಂಬಿದರೆ 17 ಮಂದಿ ಸಿಕ್ಕುತ್ತಾರೆ, ಮೂವರು ತಪ್ಪಿಹೋಗುತ್ತಾರೆ. ಜೊತೆಗೆ ಏನೂ ಇಲ್ಲದ 108 ಮಂದಿಯೂ ಬಲೆಗೆ ಬೀಳುತ್ತಾರೆ. ಕ್ಯೂ ಅಲೆಯನ್ನು ನಂಬಿದರೆ ಸುಳ್ಳು ಎಚ್ಚರಿಕೆ ಸುಮಾರು ಹತ್ತಕ್ಕೆ ಇಳಿಯುತ್ತದೆ, ಆದರೆ 20ರಲ್ಲಿ 13 ಮಂದಿ ಕೈತಪ್ಪುತ್ತಾರೆ. ‘ನಮ್ಮ ಯಂತ್ರ ನೂರಕ್ಕೆ ಇಷ್ಟು ನಿಖರ’ ಎನ್ನುವ ಜಾಹೀರಾತು ಓದಿದಾಗಲೆಲ್ಲ ಈ ಸರಳ ಗುಣಾಕಾರ ಮಾಡಿ ನೋಡುವುದು ಒಳ್ಳೆಯದು.

ಒಂದೊಂದೇ ಗುರುತನ್ನು ನಂಬುವ ಬದಲು ಎಲ್ಲವನ್ನೂ ಕೂಡಿಸಿ ಅಂಕ ಕೊಡುವ ದಾರಿಯೂ ಇದೆ. ರೊನಾಲ್ಡ್ ಸೆಲ್ವೆಸ್ಟರ್ ರೂಪಿಸಿದ ಕ್ಯೂಆರ್‌ಎಸ್ ಅಂಕಪಟ್ಟಿಯಲ್ಲಿ ಗರಿಷ್ಠ 32 ಅಂಕ. ಒಂದೊಂದು ಅಂಕವೂ ಎಡ ಕೆಳಕೋಣೆಯ ಸ್ನಾಯುವಿನ ನೂರಕ್ಕೆ ಮೂರು ಪಾಲು ಕಲೆಯಾಗಿದೆ ಎಂಬುದಕ್ಕೆ ಸಮ. ಡೇವಿಡ್ ಸ್ಟ್ರಾಸ್ ಮತ್ತು ಸಂಗಡಿಗರು 2008ರಲ್ಲಿ 162 ಕಾರ್ಡಿಯೋಮಯೋಪತಿ ರೋಗಿಗಳಲ್ಲಿ ಈ ಅಂಕವನ್ನು ಎಂಆರ್‌ಐ ಎದುರು ಇಟ್ಟು ನೋಡಿದರು. ಹೊಂದಾಣಿಕೆ ಚೆನ್ನಾಗಿಯೇ ಇತ್ತು. ಹೃದಯದ ವಿದ್ಯುತ್ ಹಾದಿಯ ಕವಲು ಕೆಡುವ ಬಂಡಲ್ ಬ್ರಾಂಚ್ ಬ್ಲಾಕ್ ಇದ್ದರೆ ಇಸಿಜಿಯಲ್ಲಿ ಕಲೆ ಹುಡುಕಲೇಬಾರದು ಎಂಬ ಹಳೆಯ ನಂಬಿಕೆಯನ್ನೂ ಅವರ ಕೆಲಸ ಸಡಿಲಿಸಿತು. ಇಷ್ಟಾದರೂ ಈ ಅಂಕಪಟ್ಟಿ ವಾರ್ಡುಗಳಿಗೆ ಬರಲಿಲ್ಲ. ಐವತ್ತಕ್ಕೂ ಹೆಚ್ಚು ಅಳತೆಗಳನ್ನು ಕೈಯಲ್ಲಿ ತೆಗೆಯುವ ಪುರುಸೊತ್ತು ಹೊರರೋಗಿ ವಿಭಾಗದಲ್ಲಿ ಯಾರಿಗಿದೆ? ಕಂಪ್ಯೂಟರ್ ಅದನ್ನು ಕ್ಷಣದಲ್ಲಿ ಮಾಡಬಲ್ಲದು. ಆದರೂ ಮಾಡಿಸುತ್ತಿಲ್ಲ ಎಂಬುದು ನನಗೆ ಸೋಜಿಗ.

ಈಗ ಕೆಜಿಎಫ್‌ನ ವಿಶೇಷ ತೊಡಕಿಗೆ ಬರೋಣ. ಪಠ್ಯಪುಸ್ತಕಗಳಲ್ಲಿ ಭಾರತದ ಸಿಲಿಕೋಸಿಸ್ ಚರಿತ್ರೆ ಕೋಲಾರದ ಚಿನ್ನದ ಗಣಿಗಳಿಂದಲೇ, 1947ರ ವರದಿಯಿಂದಲೇ ಶುರುವಾಗುತ್ತದೆ. ಆಗ ಪರೀಕ್ಷಿಸಿದ ಕಾರ್ಮಿಕರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ರೋಗವಿತ್ತು. ಬಂಡೆ ಕೊರೆಯುವಾಗ ಎದ್ದ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕಲೆ ಮಾಡುತ್ತದೆ. ಕ್ಷಯ ಅದರ ಬೆನ್ನು ಹಿಡಿದು ಬರುತ್ತದೆ, ಬೀಡಿ ಉಳಿದದ್ದನ್ನು ಮುಗಿಸುತ್ತದೆ. ಗಣಿ ಮುಚ್ಚಿದರೂ ದೂಳು ನಿಂತಿಲ್ಲ. ಕೋಲಾರ ಜಿಲ್ಲೆಯ ಕಲ್ಲು ಕ್ವಾರಿ, ಕ್ರಷರುಗಳಲ್ಲಿ ಇವತ್ತಿಗೂ ಅದೇ ಸಿಲಿಕಾ.

ಇದಕ್ಕೂ ಇಸಿಜಿಗೂ ಏನು ಸಂಬಂಧ? ಬಹಳ ಇದೆ. ದೂಳು, ಬೀಡಿಗಳಿಂದ ಕೆಟ್ಟ ಶ್ವಾಸಕೋಶ ಗಾಳಿ ತುಂಬಿ ಉಬ್ಬಿದಾಗ ವಪೆ ಕೆಳಗಿಳಿಯುತ್ತದೆ, ಹೃದಯ ನೆಟ್ಟಗೆ ಜೋತುಬೀಳುತ್ತದೆ, ಹೃದಯಕ್ಕೂ ಎದೆಗೋಡೆಗೂ ನಡುವೆ ಗಾಳಿಯ ಪದರ ದಪ್ಪವಾಗುತ್ತದೆ. ಆಗ ವಿ1ರಿಂದ ವಿ3ರವರೆಗೆ ಏರುತ್ತ ಹೋಗಬೇಕಾದ ಆರ್ ಅಲೆ (ಕ್ಯೂಆರ್‌ಎಸ್‌ನ ಮೇಲ್ಮುಖ ಭಾಗ) ಏರುವುದೇ ಇಲ್ಲ, ಗೆರೆಗಳೆಲ್ಲ ಕುಳ್ಳಗಾಗುತ್ತವೆ. ಅಂದರೆ ಹೃದಯದ ಮುಂಗೋಡೆಯಲ್ಲಿ ಕಲೆಯಿದ್ದರೆ ಹೇಗೆ ಕಾಣುತ್ತದೋ ಹಾಗೆಯೇ. ಹೃದಯ ಗಟ್ಟಿಯಿದ್ದರೂ ಕಾಗದ ಮಾತ್ರ ‘ಹಳೆಯ ಹಾರ್ಟ್ ಅಟ್ಯಾಕ್ ಇರಬಹುದು’ ಎಂದು ಮುದ್ರಿಸಿಕೊಡುತ್ತದೆ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ: ಶ್ವಾಸಕೋಶದ ಒತ್ತಡಕ್ಕೆ ಬಲಗಡೆಯ ಕೋಣೆ ದಪ್ಪಗಾದರೆ ವಿ1ರಲ್ಲಿ ಆರ್ ಅಲೆ ಎತ್ತರವಾಗಿ, ಟಿ ಅಲೆ ತಲೆಕೆಳಗಾಗಿ, ಬಲಗಡೆಯ ಕಾರ್ಡಿಯೋಮಯೋಪತಿಯ ವೇಷ ಹಾಕುತ್ತದೆ. ಇಂಡಿಯಾನಾಪೊಲಿಸ್‌ನ ಅಂಕಿಗಳನ್ನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಗೆ ಹಾಗೆಯೇ ತರಲಾಗದು ಎನ್ನುವುದು ಇದಕ್ಕೇ.

ಹಳೆಯ ವೈದ್ಯರಿಗೆ ಇದಕ್ಕೊಂದು ಉಪಾಯ ಗೊತ್ತಿತ್ತು. ಎದೆಯ ಲೀಡುಗಳನ್ನು ಒಂದು ಪಕ್ಕೆಲುಬಿನ ಸಂದಿನಷ್ಟು ಕೆಳಗಿಳಿಸಿ ಇನ್ನೊಂದು ಇಸಿಜಿ ತೆಗೆಯುವುದು. ಕೆಳಗಿಳಿಸಿದಾಗ ಆರ್ ಅಲೆ ತಲೆಯೆತ್ತಿದರೆ ತಪ್ಪು ಬಹುಮಟ್ಟಿಗೆ ಶ್ವಾಸಕೋಶದ್ದು. ಆಗಲೂ ಏಳದಿದ್ದರೆ ಎಕೋಗೆ ಕಳಿಸಬೇಕು. ಎರಡು ನಿಮಿಷದ, ಒಂದು ಪೈಸೆ ಖರ್ಚಿಲ್ಲದ ಕೆಲಸ.

ಹಾಗೆಯೇ ಇನ್ನೊಂದು ಸಣ್ಣ ಸಂಗತಿ. ಮೈ ನಡುಗುವ, ಉಸಿರು ಮೇಲೆ ಕೆಳಗಾಗುವ ರೋಗಿಯ ಗೆರೆ ಚೆನ್ನಾಗಿ ಬರಲೆಂದು ಯಂತ್ರದ ಫಿಲ್ಟರ್ ಗುಂಡಿಯನ್ನು 35 ಅಥವಾ 40 ಹರ್ಟ್ಸ್‌ಗೆ ಇಟ್ಟುಬಿಡುವುದು ಅನೇಕ ಕಡೆ ರೂಢಿ. ಗೆರೆ ನುಣ್ಣಗೆ, ಚೆಂದವಾಗಿ ಬರುತ್ತದೆ. ಆದರೆ ಕಲೆಯ ಸಾಕ್ಷಿಯಾದ ಸಣ್ಣ ಕೊರೆಗಳು ಆ ಫಿಲ್ಟರಿನಲ್ಲೇ ಉಜ್ಜಿಹೋಗುತ್ತವೆ. ಅವು ಉಳಿಯಬೇಕಾದರೆ ಮಿತಿ 100 ಅಥವಾ 150 ಹರ್ಟ್ಸ್ ಇರಬೇಕು. ಅವಸರದಲ್ಲಿ ವಿ1, ವಿ2 ಲೀಡುಗಳನ್ನು ಕತ್ತಿನ ಹತ್ತಿರಕ್ಕೆ ಏರಿಸಿ ಅಂಟಿಸುವುದೂ ಇಲ್ಲದ ಕಲೆಯನ್ನು ಹುಟ್ಟಿಸಬಲ್ಲದು. ದೊಡ್ಡ ಸಂಶೋಧನೆಗಳ ಮಾತಾಡುವಾಗ ಇಸಿಜಿ ತೆಗೆಯುವ ನರ್ಸ್ ಮತ್ತು ಟೆಕ್ನಿಷಿಯನ್‌ಗಳನ್ನು ಮರೆಯುವುದು ನಮ್ಮ ಚಾಳಿ. ನಿಖರತೆ ಅರ್ಧಕ್ಕರ್ಧ ಅವರ ಕೈಯಲ್ಲಿದೆ.

ದೂರದಿಂದ ಇಸಿಜಿ ಓದುವುದು ಜಗತ್ತಿಗೂ ಹೊಸದಲ್ಲ, ಕರ್ನಾಟಕಕ್ಕೂ ಹೊಸದಲ್ಲ. ಇಸಿಜಿ ಯಂತ್ರ ರೂಪಿಸಿದ ಲೈಡನ್ನಿನ ಐಂಥೋವನ್ 1905ರಲ್ಲೇ ಒಂದೂವರೆ ಕಿಲೋಮೀಟರ್ ಆಚೆಯ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯ ಮೂಲಕ ತನ್ನ ಪ್ರಯೋಗಾಲಯಕ್ಕೆ ಇಸಿಜಿ ತರಿಸಿಕೊಂಡಿದ್ದ. ನಮ್ಮಲ್ಲಿ ಈ ಶತಮಾನದ ಆರಂಭದಲ್ಲಿ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರ ಮತ್ತು ಸರಗೂರಿನ ಆಸ್ಪತ್ರೆಗಳು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಣೆಯಾದವು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಿಂದ ವಾಟ್ಸ್‌ಆಪ್ ಗುಂಪುಗಳಲ್ಲಿ ಹಳ್ಳಿಯ ವೈದ್ಯರು ಕಳಿಸುವ ಇಸಿಜಿಗಳನ್ನು ಓದಿ ಹೇಳುತ್ತ ಬಂದಿದ್ದಾರೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳನ್ನು ಜಯದೇವದಂಥ ದೊಡ್ಡ ಆಸ್ಪತ್ರೆಗಳಿಗೆ ಬೆಸೆಯಿತು. ಕೃತಕ ಬುದ್ಧಿಮತ್ತೆಯ ನೆರವಿನಿಂದ ನಿಮಿಷಗಳಲ್ಲಿ ಇಸಿಜಿ ಓದಿ, ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಅದರ ತಿರುಳು. ಜೀವ ಉಳಿಸುವ ಕೆಲಸ, ಅನುಮಾನವಿಲ್ಲ. ಆದರೆ ಈ ಎಲ್ಲ ಜಾಲಗಳನ್ನೂ ಹೆಣೆದದ್ದು ಈಗ ಹಾರ್ಟ್ ಅಟ್ಯಾಕ್ ಆಗುತ್ತಿದೆಯೇ ಎಂಬ ಮೊದಲನೆಯ ಪ್ರಶ್ನೆಗಾಗಿ. ಕಲೆಯ ಕುರಿತ ಎರಡನೆಯ ಪ್ರಶ್ನೆಯನ್ನು ಅವಕ್ಕೆ ಇನ್ನೂ ಕಲಿಸಬೇಕಾಗಿದೆ.

ಕಲಿಸಬಹುದು ಎಂಬುದಕ್ಕೆ ಬ್ರೆಜಿಲ್ ಸಾಕ್ಷಿ. ಅಲ್ಲಿನ ಮಿನಾಸ್ ಜೆರೈಸ್ ರಾಜ್ಯವೂ ಚಿನ್ನದ ನಾಡು. ಬ್ರಿಟಿಷ್ ಕಂಪನಿ ನಡೆಸುತ್ತಿದ್ದ ಅಲ್ಲಿನ ಮೊರೊ ವೆಲ್ಯೊ ಗಣಿ ಆಳದಲ್ಲಿ ಕೋಲಾರದ ಜೊತೆ ಪೈಪೋಟಿ ನಡೆಸಿದ್ದು. ಅಲ್ಲಿ ಒಂದು ಬಗೆಯ ತಿಗಣೆಯಿಂದ ಹರಡುವ ಚಾಗಸ್ ರೋಗ ದಶಕಗಳ ನಂತರ ಹೃದಯದಲ್ಲಿ ಕಲೆ ಮಾಡುತ್ತದೆ. ಬಡವರ ಕಾಯಿಲೆ, ಹಳ್ಳಿಗಳ ಕಾಯಿಲೆ. ಎಂಆರ್‌ಐ ಮಾತೇ ಇಲ್ಲದ ಕಾಲದಿಂದಲೂ ಅದನ್ನು ಹಿಡಿಯುತ್ತಿದ್ದದ್ದು ಇಸಿಜಿಯಿಂದ: ಬಲಗಡೆಯ ಬಂಡಲ್ ಬ್ರಾಂಚ್ ಬ್ಲಾಕ್, ಜೊತೆಗೆ ಎಡ ಮುಂಕವಲಿನ ತಡೆ. 2005ರಲ್ಲಿ ಆ ರಾಜ್ಯದಲ್ಲಿ ಶುರುವಾದ ಟೆಲಿಹೆಲ್ತ್ ಜಾಲ ಸಣ್ಣ ಊರುಗಳ ಇಸಿಜಿಗಳನ್ನು ಕೂಡಿಡುತ್ತ ಬಂತು. 2010ರಿಂದ 2017ರ ನಡುವಿನ ಸಂಗ್ರಹದಲ್ಲೇ 811 ಊರಾಡಳಿತಗಳ 23 ಲಕ್ಷಕ್ಕೂ ಹೆಚ್ಚು ಇಸಿಜಿಗಳಿವೆ. ಅದರ ಮೇಲೆ ತರಬೇತಿಗೊಂಡ ಗಣಕ ಮಾದರಿ 2020ರಲ್ಲಿ ಪ್ರಕಟವಾಯಿತು. 2025ರಲ್ಲಿ ವೈದ್ಯಕೀಯ ದತ್ತಾಂಶದ ಜಾಲತಾಣ ಫಿಸಿಯೋನೆಟ್ ನಡೆಸಿದ ಅಂತರರಾಷ್ಟ್ರೀಯ ಸ್ಪರ್ಧೆಯ ಸವಾಲೇ ಇಸಿಜಿಯಿಂದ ಚಾಗಸ್ ಹಿಡಿಯುವುದಾಗಿತ್ತು. ಮೊದಲು ಕೂಡಿಟ್ಟರು, ಆಮೇಲೆ ಕಲಿಸಿದರು. ನಾವು ಇಸಿಜಿ ತೆಗೆಯುವುದರಲ್ಲಿ ಮುಂದೆ, ಕೂಡಿಡುವುದರಲ್ಲಿ ಹಿಂದೆ.

ಕೃತಕ ಬುದ್ಧಿಮತ್ತೆಯ ಬಗ್ಗೆ ಎರಡು ಮಾತು ಸಾಕು. ಅಮೆರಿಕದ ಮೇಯೊ ಕ್ಲಿನಿಕ್ 2019ರಲ್ಲಿ ಇಸಿಜಿ ಒಂದರಿಂದಲೇ ದುರ್ಬಲ ಹೃದಯವನ್ನು ಚೆನ್ನಾಗಿ ಗುರುತಿಸಿ ತೋರಿಸಿತು. ಆದರೆ ದುರ್ಬಲತೆ ಬೇರೆ, ಕಲೆ ಬೇರೆ. ಕಲೆಯನ್ನು ಕಲಿಸಬೇಕಾದರೆ ಪ್ರತಿ ಇಸಿಜಿಗೂ ಎದುರಾಗಿ ಅದೇ ಮನುಷ್ಯನ ಎಂಆರ್‌ಐ ಬೇಕು, ಅಂಥ ಜೋಡಿಗಳು ಎಲ್ಲೆಡೆಯೂ ಕಡಿಮೆ. ಸಿಲಿಕೋಸಿಸ್ ಇರುವ ಗಣಿ ಕಾರ್ಮಿಕರ ಇಸಿಜಿ ನೋಡಿಯೇ ಇರದ ಯಂತ್ರ ಅವರ ವಿಷಯದಲ್ಲಿ ಹೇಗೆ ತಪ್ಪಬಹುದು ಎಂದು ತಿಳಿಯಲು ಮೇಲೆ ಹೇಳಿದ್ದೇ ಸಾಕು.

ವಂಶದ ಮಾತನ್ನೂ ಬಿಡುವಂತಿಲ್ಲ. ಹೃದಯಸ್ನಾಯುವಿನ ಎಂವೈಬಿಪಿಸಿ3 ಎಂಬ ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವುದು ಕಾರ್ಡಿಯೋಮಯೋಪತಿಯ ಅಪಾಯವನ್ನು ಹೆಚ್ಚಿಸುತ್ತದೆ, ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಇದಿದೆ ಎಂದು ಧಂಡಪಾಣಿ, ತಂಗರಾಜ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಧಂಡಪಾಣಿ ಮುಂದೆ ಬೆಂಗಳೂರಿನ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್‌ನಲ್ಲಿ ಇದೇ ಕೆಲಸ ಮುಂದುವರಿಸಿದರು. ಈ ದೋಷ ಇದ್ದವರಲ್ಲಿ ಅನೇಕರಿಗೆ ನಡುವಯಸ್ಸಿನವರೆಗೆ ಏನೂ ತೊಂದರೆ ಕಾಣುವುದಿಲ್ಲ. 2025ರ ಜೂನ್, ಜುಲೈನಲ್ಲಿ ಹಾಸನದ ದಿಢೀರ್ ಸಾವುಗಳ ಸುದ್ದಿಗೆ ಹೆದರಿ ಜಯದೇವದ ಮುಂದೆ ಸಾಲುಗಟ್ಟಿದ ಜನರಿಗೆ ಒಂದು ಇಸಿಜಿ ‘ನಾರ್ಮಲ್’ ಎಂದು ಬಂದರೆ ಸಾಕಾಗಿತ್ತು. ಇಂಥ ಗುಪ್ತ ದೋಷಗಳಿರುವಾಗ ಅದು ಪೂರ್ತಿ ಅಭಯವಲ್ಲ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ದಿಢೀರನೆ ತೀರಿಕೊಂಡಿದ್ದರೆ, ಓಡುವಾಗ ಎಚ್ಚರ ತಪ್ಪಿದ್ದರೆ, ಇಸಿಜಿ ಸರಿಯಿದ್ದರೂ ಎಕೋ ಮಾಡಿಸಬೇಕು.

ಒಟ್ಟಿನಲ್ಲಿ ನನ್ನ ತೀರ್ಪು ಇಷ್ಟು: ಯಾರನ್ನು ಎಕೋಗೆ, ಯಾರನ್ನು ಎಂಆರ್‌ಐಗೆ ಕಳಿಸಬೇಕು ಎಂದು ಆರಿಸಲು ಇಸಿಜಿ ಸಾಕು. ಕಲೆ ಇದೆ ಎಂದು ಹೇಳಿ ಎದೆಯೊಳಗೆ, ಅಪಾಯದ ಬಡಿತವನ್ನು ಶಾಕ್ ಕೊಟ್ಟು ಸರಿಪಡಿಸುವ ಲಕ್ಷಗಟ್ಟಲೆ ಬೆಲೆಯ ಐಸಿಡಿ ಯಂತ್ರ ಕೂರಿಸಲು, ಅಥವಾ ಕಲೆ ಇಲ್ಲ ಎಂದು ಮನೆಗೆ ಕಳಿಸಲು ಅದೊಂದೇ ಸಾಲದು. ಒಂಟಿ ಇಸಿಜಿಗಿಂತ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಹೆಚ್ಚು ಹೇಳುತ್ತದೆ. ಐದು ವರ್ಷದ ಹಿಂದೆ ಇಲ್ಲದ ಕೊರೆ ಇವತ್ತು ಕಂಡರೆ ಅದಕ್ಕೆ ಅರ್ಥವಿದೆ.

ಆದ್ದರಿಂದ ಹಳೆಯ ಇಸಿಜಿ ಎಸೆಯಬೇಡಿ. ಅದು ಶಾಖಕ್ಕೆ ಅಚ್ಚಾಗುವ ಕಾಗದ, ಕೆಲವು ವರ್ಷಗಳಲ್ಲಿ ಮಾಸಿಹೋಗುತ್ತದೆ. ಜೋಪಾನ ಮಾಡುವ ಆಸೆಯಿಂದ ಲ್ಯಾಮಿನೇಷನ್ ಮಾಡಿಸಿದರೆ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ತೆಗೆಸಿದ ದಿನವೇ ಜೆರಾಕ್ಸ್ ಮಾಡಿಸಿ, ಫೋನಿನಲ್ಲಿ ಫೋಟೋ ತೆಗೆದಿಡಿ, ಮೇಲೆ ತಾರೀಕು ಬರೆಯಿರಿ. ಗಣಿಯಲ್ಲೋ ಕ್ವಾರಿಯಲ್ಲೋ ದುಡಿದವರು, ಎಷ್ಟು ವರ್ಷ ದೂಳಿನಲ್ಲಿದ್ದಿರಿ ಎಂದು ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.